ತವರದ ಊರು, ರಬ್ಬರಿನ ಲೈನು

ಮಲೇಷ್ಯಾ ನೋಡಿ ಬಂದವರು ಆ ದೇಶವನ್ನು ಒಂದೇ ಉಸಿರಿನಲ್ಲಿ ವಿವರಿಸಿಬಿಡುವುದುಂಟು: ಸರ್ಕಾರ ಮಲಯರದು, ಅಂಗಡಿ ಚೀನೀಯರದು, ಕೂಲಿ ತಮಿಳರದು. ಅದರ ಬೆನ್ನಿಗೇ ಕಾರಣವೂ ಬರುತ್ತದೆ. ಚೀನೀಯರಿಗೆ ವ್ಯಾಪಾರ ಹುಟ್ಟುಗುಣ, ನಮ್ಮವರಿಗೆ ನಾಲ್ಕು ಕಾಸು ಉಳಿಸುವುದು ಗೊತ್ತಿಲ್ಲ, ಕುಡಿದು ಹಾಳಾದರು. ಎರಡು ವಲಸೆ ಸಮುದಾಯಗಳನ್ನು ಹೋಲಿಸಲು ಈಗಷ್ಟೇ ಕಲಿಯುತ್ತಿರುವವರು ಮೊದಲು ಬದಿಗಿಡಬೇಕಾದದ್ದು ಈ ಮಾತನ್ನೇ. ಇದನ್ನು ಒಪ್ಪಿಕೊಂಡುಬಿಟ್ಟರೆ ಮುಂದೆ ಕೇಳಲು ಪ್ರಶ್ನೆಗಳೇ ಇರುವುದಿಲ್ಲ. ಯಾರು ಕರೆತಂದರು, ಎಲ್ಲಿ ಇಟ್ಟರು, ಮನೆ ಯಾರದಾಗಿತ್ತು, ಕೆಲಸ ನಿಂತ ದಿನ ಕೈಯಲ್ಲಿ ಏನು ಉಳಿಯಿತು ಎಂದು ಕೇಳುತ್ತಾ ಹೋದರೆ ಮಾತ್ರ ಎರಡು ಸಮುದಾಯಗಳ ದಾರಿ ಎಲ್ಲಿ ಕವಲೊಡೆಯಿತೆಂದು ಕಾಣತೊಡಗುತ್ತದೆ.

ನಾವು ಯಾರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳೋಣ. 2020ರ ಜನಗಣತಿಯಂತೆ ಮಲೇಷ್ಯಾದ ನಾಗರಿಕರಲ್ಲಿ ಶೇ. 23.2 ಮಂದಿ ಚೀನೀ ಮೂಲದವರು, ಶೇ. 6.7 ಮಂದಿ ಭಾರತೀಯ ಮೂಲದವರು. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಲಯರು ಮತ್ತು ಮೂಲನಿವಾಸಿಗಳು. ಅವರನ್ನೆಲ್ಲ ಸೇರಿಸಿ ಅಲ್ಲಿನ ಸರ್ಕಾರ ಭೂಮಿಪುತ್ರರು ಎನ್ನುತ್ತದೆ. 1957ರಲ್ಲಿ ಸ್ವಾತಂತ್ರ್ಯ ಬಂದಾಗ ಮಲಯ ಪರ್ಯಾಯದ್ವೀಪದಲ್ಲಿ ಚೀನೀಯರು ಸುಮಾರು ಶೇ. 37, ಭಾರತೀಯರು ಸುಮಾರು ಶೇ. 11 ಇದ್ದರು. ಆಮೇಲೆ ಬೋರ್ನಿಯೊ ದ್ವೀಪದ ಎರಡು ರಾಜ್ಯಗಳು ಸೇರಿಕೊಂಡವು, ಆದ್ದರಿಂದ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ಕಳೆಯುವಂತಿಲ್ಲ. ಆದರೂ ಎರಡೂ ಸಮುದಾಯಗಳ ಪಾಲು ಇಳಿದಿದೆ ಎನ್ನುವುದು ನಿಜ.

ಗಣತಿಯ ಪಟ್ಟಿಯಲ್ಲಿ ‘ಭಾರತೀಯ’ ಎಂದು ಒಂದೇ ಸಾಲು ಇರುತ್ತದೆ. ಅದರೊಳಗೆ ರಬ್ಬರ್ ತೋಟಕ್ಕೆ ಬಂದ ತಮಿಳು, ತೆಲುಗು ಕೂಲಿಗಳಿದ್ದಾರೆ. ರೈಲ್ವೆ ಮತ್ತು ಕಚೇರಿಗಳಲ್ಲಿ ಗುಮಾಸ್ತರಾಗಲೆಂದೇ ಬ್ರಿಟಿಷರು ಕರೆತಂದ ಜಾಫ್ನಾ ತಮಿಳರಿದ್ದಾರೆ, ತೋಟದ ಲೆಕ್ಕ ಬರೆಯುತ್ತಿದ್ದ ಮಲಯಾಳಿಗಳಿದ್ದಾರೆ. ಬಡ್ಡಿ ವ್ಯವಹಾರದ ನಾಟ್ಟುಕೋಟ್ಟೈ ಚೆಟ್ಟಿಯಾರರು, ಪೊಲೀಸು ಮತ್ತು ಪಡೆಗಳಿಗೆ ಬಂದ ಸಿಖ್ಖರು, ಬಟ್ಟೆ ವ್ಯಾಪಾರದ ಸಿಂಧಿ, ಗುಜರಾತಿಗಳು ಎಲ್ಲರೂ ಅದೇ ಸಾಲಿನಲ್ಲಿ. ಚೀನೀಯರಲ್ಲೂ ಹೊಕ್ಕಿಯನ್, ಕ್ಯಾಂಟನೀಸ್, ಹಕ್ಕಾ, ತಿಯೊಚ್ಯೂ, ಹೈನಾನೀಸ್ ಎಂದು ಬೇರೆ ಬೇರೆ ಮಾತಿನ ಗುಂಪುಗಳಿವೆ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹಿಡಿಯುವುದು ಎರಡು ದೊಡ್ಡ ಗುಂಪುಗಳನ್ನು: ತವರದ ಗಣಿಗೆ ಬಂದ ಚೀನೀಯರು ಮತ್ತು ರಬ್ಬರ್ ತೋಟಕ್ಕೆ ಬಂದ ತಮಿಳರು. ಇಬ್ಬರೂ ಬಡವರಾಗಿಯೇ ಹಡಗು ಹತ್ತಿದವರು. ಹೋಲಿಕೆಗೆ ಅರ್ಥ ಬರುವುದೂ ಅದಕ್ಕೇ.

ಚೀನೀಯರಿಂದ ಶುರುಮಾಡೋಣ. 1840ರ ದಶಕದಲ್ಲಿ ಪೆರಾಕ್ ರಾಜ್ಯದ ಲಾರುತ್ ಪ್ರದೇಶದಲ್ಲಿ ತವರದ ಅದಿರು ಹೇರಳವಾಗಿ ಸಿಕ್ಕಿತು. ಗಣಿಗೆ ಹಣ ಹಾಕಿದವರು ಪೆನಾಂಗಿನ ಚೀನೀ ವರ್ತಕರು. ಗುಂಡಿ ತೋಡಿದವರು ದಕ್ಷಿಣ ಚೀನಾದ ಬಡ ರೈತರ ಮಕ್ಕಳು. ಹಡಗಿನ ಖರ್ಚನ್ನು ದಲ್ಲಾಳಿ ಭರಿಸುತ್ತಿದ್ದ. ಬಂದವನು ಆ ಸಾಲ ತೀರುವವರೆಗೆ ತನ್ನನ್ನು ಕೊಂಡ ಗಣಿಯಲ್ಲಿ ದುಡಿಯಬೇಕಿತ್ತು. ದಟ್ಟ ಕಾಡು, ಮಲೇರಿಯಾ, ಬರೀ ಪಾಲಿಶ್ ಅಕ್ಕಿ ತಿಂದು ಬರುವ ಬೆರಿಬೆರಿ. ಸತ್ತವರ ಲೆಕ್ಕವನ್ನು ಸರಿಯಾಗಿ ಇಟ್ಟವರಿಲ್ಲ. ಮೈ ನೋವು ಮರೆಯಲು ಅಫೀಮು. ಆ ಅಫೀಮು ಮಾರುವ ಗುತ್ತಿಗೆಯನ್ನು ಸರ್ಕಾರವೇ ಹರಾಜು ಹಾಕುತ್ತಿತ್ತು. ಸಿಂಗಪುರ, ಪೆನಾಂಗ್, ಮಲಾಕ್ಕಾ ಸೇರಿದ ಬ್ರಿಟಿಷ್ ವಸಾಹತಿನ ಆದಾಯದಲ್ಲಿ ಬಹುದೊಡ್ಡ ಪಾಲು ಬರುತ್ತಿದ್ದದ್ದು ಇದರಿಂದಲೇ. ಹೆಂಡ ತಮಿಳರನ್ನು ಹಾಳುಮಾಡಿತು ಎನ್ನುವವರು ಅಫೀಮು ಚೀನೀ ಕೂಲಿಗೆ ಏನು ಮಾಡಿತೆಂದೂ ನೋಡಬೇಕು. ಚಟ ಎರಡೂ ಕಡೆ ಇತ್ತು, ಎರಡನ್ನೂ ಒದಗಿಸಿ ಲಾಭ ಎಣಿಸಿದವರು ಮೇಲಿದ್ದವರು.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಗಣಿಯ ಕೂಲಿಯ ಮೇಲಿದ್ದ ಮುಖ್ಯಸ್ಥ, ಅಕ್ಕಿ ಕೊಡುವ ಅಂಗಡಿಯವನು, ಅದಿರು ಕೊಳ್ಳುವವನು, ಗಣಿಯ ಒಡೆಯ ಎಲ್ಲರೂ ಚೀನೀಯರೇ. ಅವರು ದಯಾಳುಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ, ಸಾಲದ ಲೆಕ್ಕದಲ್ಲಿ ಮೋಸ ಬೇಕಾದಷ್ಟು ನಡೆಯುತ್ತಿತ್ತು. ಆದರೆ ಕೂಲಿಯಿಂದ ಒಡೆಯನವರೆಗಿನ ದಾರಿಯಲ್ಲಿ ಪ್ರತಿ ಹಂತದಲ್ಲೂ ತನ್ನ ಮಾತನ್ನೇ ಆಡುವ ಒಬ್ಬನಿದ್ದ. ಕೆಲವು ಗಣಿಗಳಲ್ಲಿ ದಿನಗೂಲಿಯ ಬದಲು ಸಿಕ್ಕ ಅದಿರಿನಲ್ಲಿ ಪಾಲು ಕೊಡುವ ಪದ್ಧತಿಯೂ ಇತ್ತು. ಸಾಲ ತೀರಿದ ಮೇಲೆ ಕೂಲಿಯವನು ತರಕಾರಿ ಬೆಳೆಯಬಹುದಿತ್ತು, ಹಂದಿ ಸಾಕಬಹುದಿತ್ತು, ಗಣಿಯವರಿಗೇ ಅಡುಗೆ ಮಾಡಿ ಮಾರಬಹುದಿತ್ತು. ಗಣಿಯ ಪಕ್ಕದಲ್ಲೇ ಪೇಟೆ ಬೆಳೆಯುತ್ತಿತ್ತು. ಕೌಲಾಲಂಪುರ ಹುಟ್ಟಿದ್ದೇ ಹಾಗೆ. 1857ರ ಹೊತ್ತಿಗೆ ಎರಡು ಹೊಳೆಗಳು ಸೇರುವ ಕೆಸರು ದಂಡೆಯಲ್ಲಿ ತವರ ಹುಡುಕಿ ಬಂದವರು ಹಾಕಿಕೊಂಡ ಬಿಡಾರ ಅದು.

ಯಾಪ್ ಆ ಲಾಯ್ ಎಂಬಾತನ ಜೀವನ ಇದಕ್ಕೆ ಒಳ್ಳೆಯ ಉದಾಹರಣೆ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಬಡ ಹಕ್ಕಾ ಕುಟುಂಬದ ಹುಡುಗ, 1854ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ ಮಲಯಕ್ಕೆ ಬಂದ. ಲುಕುತ್ ಎಂಬಲ್ಲಿನ ಗಣಿಯಲ್ಲಿ ಅಡುಗೆಯವನಾಗಿದ್ದ. ಸ್ವಲ್ಪ ಹಣ ಕೂಡಿಸಿ ಹಂದಿ ವ್ಯಾಪಾರಕ್ಕಿಳಿದ, ಹಂದಿ ಕೊಟ್ಟು ಅದಿರು ಕೊಂಡ. 1868ರಲ್ಲಿ ಕೌಲಾಲಂಪುರದ ಚೀನೀಯರ ಮುಖ್ಯಸ್ಥನಾದ, ಅಂತರ್ಯುದ್ಧದಲ್ಲಿ ಸುಟ್ಟುಹೋದ ಊರನ್ನು ಮತ್ತೆ ಕಟ್ಟಿಸಿದ. ಇಂಥವನು ಸಾವಿರಕ್ಕೊಬ್ಬ. ಅವನ ಹಾಗೆ ಬಂದ ಹೆಚ್ಚಿನವರು ಬಡವರಾಗಿಯೇ ಸತ್ತರು. ಆದರೂ ಅಡುಗೆಯವನು ಊರಿನ ಮುಖ್ಯಸ್ಥನಾಗುವ ದಾರಿ ಒಂದು ಅಲ್ಲಿತ್ತು. ರಬ್ಬರ್ ತೋಟದಲ್ಲಿ ಅಂಥ ದಾರಿಯೇ ಇರಲಿಲ್ಲ ಎಂಬುದನ್ನು ಈಗ ನೋಡೋಣ.

ರಬ್ಬರ್ ಮರ ಮಲಯದ್ದಲ್ಲ. 1876ರಲ್ಲಿ ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಬೀಜ ಹೋಯಿತು. ಮರುವರ್ಷ ಅಲ್ಲಿಂದ 22 ಸಸಿಗಳು ಸಿಂಗಪುರಕ್ಕೆ ಬಂದವು. ಅಲ್ಲಿನ ಸಸ್ಯೋದ್ಯಾನದ ಹೆನ್ರಿ ರಿಡ್ಲಿ ಮರಕ್ಕೆ ಪೆಟ್ಟಾಗದಂತೆ ಹಾಲು ತೆಗೆಯುವ ವಿಧಾನವನ್ನು ಕಂಡುಕೊಂಡರು. ಮೋಟಾರು ಕಾರು ಬಂದು ಟೈರಿಗೆ ಬೇಡಿಕೆ ಏರಿದಾಗ, 1905ರ ಆಸುಪಾಸಿನಿಂದ ಕಾಡು ಕಡಿದು ರಬ್ಬರ್ ನೆಡುವ ಭರಾಟೆ ಶುರುವಾಯಿತು. ತೋಟಗಳ ಬಹುಪಾಲು ಬ್ರಿಟಿಷ್ ಕಂಪನಿಗಳ ಕೈಗೆ ಹೋಯಿತು. ಅವರಿಗೆ ಬೇಕಾದದ್ದು ಹೇಳಿದಂತೆ ಕೇಳುವ, ಕಡಿಮೆ ಕೂಲಿಗೆ ಸಿಗುವ ಆಳು. ಅದು ಮದ್ರಾಸ್ ಪ್ರಾಂತ್ಯದಲ್ಲಿ ಸಿಕ್ಕಿತು.

ಆಳು ತರುತ್ತಿದ್ದವನು ಕಂಗಾಣಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ನಮ್ಮಲ್ಲಿ ಮೇಸ್ತ್ರಿ ಮಾಡುತ್ತಿದ್ದ ಕೆಲಸವೇ ಅದು. ತೋಟದಲ್ಲಿ ಕೆಲಸ ಮಾಡಿ ನಂಬಿಕೆ ಗಳಿಸಿದ ಒಬ್ಬ ಆಳನ್ನು ತೋಟದವರು ಪರವಾನಗಿ ಕೊಟ್ಟು ಊರಿಗೆ ಕಳಿಸುತ್ತಿದ್ದರು. ಅವನು ತಿರುಚಿನಾಪಳ್ಳಿ, ತಂಜಾವೂರು, ಸೇಲಂ ಕಡೆಯ ತನ್ನ ಹಳ್ಳಿಯಲ್ಲಿ ನೆಂಟರಿಷ್ಟರನ್ನು, ಸ್ವಂತ ಜಾತಿಯವರನ್ನು, ಜಮೀನಿಲ್ಲದ ದಲಿತ ಕುಟುಂಬಗಳನ್ನು ಒಟ್ಟುಮಾಡಿ ನಾಗಪಟ್ಟಣದಿಂದಲೋ ಮದ್ರಾಸಿನಿಂದಲೋ ಹಡಗು ಹತ್ತಿಸುತ್ತಿದ್ದ. ತೋಟಕ್ಕೆ ಬಂದ ಮೇಲೂ ಅವರು ಅವನ ಕೈಕೆಳಗೇ. ಎಷ್ಟು ಆಳು ಕೆಲಸಕ್ಕೆ ಹಾಜರೋ ಅಷ್ಟು ತಲೆಕಾಸು ಅವನಿಗೆ ಸಿಗುತ್ತಿತ್ತು. ಆದ್ದರಿಂದ ಜ್ವರ ಬಂದವನನ್ನೂ ಎಬ್ಬಿಸಿ ಕಳಿಸುವುದರಲ್ಲಿ ಅವನ ಲಾಭವಿತ್ತು. ಕರಾರು ಕೂಲಿ ಪದ್ಧತಿ ಮಲಯದಲ್ಲಿ 1910ರಲ್ಲೇ ನಿಂತಿತು. ಕಂಗಾಣಿ ಪದ್ಧತಿ ಮಾತ್ರ 1938ರಲ್ಲಿ ಭಾರತ ಸರ್ಕಾರ ಕೂಲಿಗಳನ್ನು ಹೀಗೆ ಕಳಿಸುವುದನ್ನು ತಡೆಯುವವರೆಗೂ ನಡೆಯಿತು.

ತೋಟದ ಒಂದು ದಿನವನ್ನು ಹತ್ತಿರದಿಂದ ನೋಡದೆ ಮುಂದೆ ಹೋಗಬಾರದು. ಬೆಳಕು ಹರಿಯುವ ಮುನ್ನವೇ ಹಾಜರಿ. ಅದಕ್ಕೆ ಅಲ್ಲಿ ಪೆರಟ್ಟು ಎನ್ನುತ್ತಾರೆ. ಹೆಸರು ಕೂಗುವವನು ಕಿರಾಣಿ, ಅಂದರೆ ರೈಟರು. ಆಮೇಲೆ ಗಂಡಸರು, ಹೆಂಗಸರು ತಮ್ಮ ತಮ್ಮ ಪಾಲಿನ ಮರಗಳತ್ತ ಹೊರಡುತ್ತಾರೆ. ನಿನ್ನೆ ಕೊಯ್ದ ಗೀರಿನಲ್ಲಿ ಒಣಗಿ ಅಂಟಿದ ಹಾಲಿನ ಎಳೆಯನ್ನು ಮೊದಲು ಕಿತ್ತು ಬುಟ್ಟಿಗೆ ಹಾಕಬೇಕು, ಅದಕ್ಕೂ ಬೆಲೆಯಿದೆ. ಬಾಗಿದ ಚಾಕುವಿನಿಂದ ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳ್ಳಗೆ ಸೀಳಬೇಕು. ಆಳವಾದರೆ ಮರಕ್ಕೆ ಗಾಯ, ಬೈಗುಳ. ಮೇಲಾದರೆ ಹಾಲು ಕಡಿಮೆ, ಆಗಲೂ ಬೈಗುಳ. ಬಿಸಿಲೇರಿದರೆ ಹಾಲು ಹೆಪ್ಪುಗಟ್ಟಿ ಗೀರು ಮುಚ್ಚುತ್ತದೆ. ಅದಕ್ಕೇ ಈ ಕತ್ತಲ ಕೆಲಸ. ನೂರಾರು ಮರಗಳ ಸುತ್ತು ಮುಗಿದ ಮೇಲೆ ಅದೇ ದಾರಿಯಲ್ಲಿ ಮತ್ತೆ ಹೋಗಿ ಬಟ್ಟಲಿನ ಹಾಲನ್ನು ಬಕೆಟ್ಟಿಗೆ ಸುರಿದುಕೊಂಡು ಅಳೆಯುವ ಕಟ್ಟೆಗೆ ಹೊತ್ತು ತರಬೇಕು. ಸುಳ್ಯ, ಪುತ್ತೂರು ಕಡೆಯವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಡಿ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ್ದು ಇದೇ ಕೆಲಸಕ್ಕೆ.

ಸಂಜೆ ಹಿಂತಿರುಗುವುದು ಲೈನ್ ಮನೆಗೆ, ಅಂದರೆ ಆಳುಗಳ ಸಾಲುಮನೆಗೆ. ಆ ಮನೆ ತೋಟದ್ದು. ಮಕ್ಕಳ ಶಾಲೆಯೂ ತೋಟದ್ದು. ಇಷ್ಟು ಮಕ್ಕಳಿದ್ದರೆ ಶಾಲೆ ನಡೆಸಲೇಬೇಕೆಂದು 1920ರ ದಶಕದ ಕಾರ್ಮಿಕ ಕಾನೂನು ಹೇಳಿದ್ದರಿಂದ ಒಂದು ಕೊಠಡಿಯ ತಮಿಳು ಶಾಲೆಗಳು ಎದ್ದವು. ಪಾಠ ಹೇಳುತ್ತಿದ್ದವನು ಎಷ್ಟೋ ಕಡೆ ರೈಟರು, ಇಲ್ಲವೇ ಕಂಗಾಣಿಯೇ. ಗುಡಿ ತೋಟದ ನೆಲದಲ್ಲಿ, ಹೆಂಡದಂಗಡಿ ತೋಟದ ಗಡಿಯಲ್ಲಿ. ತೋಟ ನಡೆಸುವ ದೊರೆ ಯುರೋಪಿನವನು, ರೈಟರು ಮಲಯಾಳಿ ಅಥವಾ ಜಾಫ್ನಾದವನು. ಕೂಲಿಯ ಮಗ ರೈಟರಾಗಲು ಇಂಗ್ಲಿಷ್ ಬೇಕು, ತೋಟದ ಶಾಲೆಯಲ್ಲಿ ಇಂಗ್ಲಿಷ್ ಇಲ್ಲ. ಪೇಟೆ ಮೈಲಿಗಟ್ಟಲೆ ದೂರ. ತರಕಾರಿ ಬೆಳೆದು ಮಾರೋಣವೆಂದರೆ ನೆಲ ತನ್ನದಲ್ಲ. ಚೀನೀ ಕೂಲಿಗೂ ತಮಿಳು ಕೂಲಿಗೂ ನಡುವಿನ ಅಂತರ ನನಗೆ ತೀರಾ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಕಷ್ಟದ ಪ್ರಮಾಣವನ್ನು ತೂಗಿ ಯಾರದು ಹೆಚ್ಚು ಎನ್ನುವುದರಲ್ಲಿ ಹುರುಳಿಲ್ಲ. ಒಬ್ಬನ ಕಷ್ಟಕ್ಕೆ ಪೇಟೆಯ ಕಡೆಗೊಂದು ಬಾಗಿಲಿತ್ತು. ಇನ್ನೊಬ್ಬನ ಬದುಕು ಹುಟ್ಟಿನಿಂದ ಸಾವಿನವರೆಗೆ ತೋಟದ ಬೇಲಿಯೊಳಗೇ ಮುಗಿಯುತ್ತಿತ್ತು.

ಕೂಲಿಯ ವಿಚಾರವೂ ಇದೆ. 1920ರ ದಶಕದ ಕೊನೆಯಲ್ಲಿ ಮುಖ್ಯ ತೋಟ ಪ್ರದೇಶಗಳಲ್ಲಿ ತಮಿಳು ಗಂಡಾಳಿಗೆ ದಿನಕ್ಕೆ 50 ಸೆಂಟು, ಹೆಣ್ಣಾಳಿಗೆ 40 ಸೆಂಟು ಎಂದು ನಿಗದಿಯಾಗಿತ್ತು. ರಬ್ಬರ್ ಬೆಲೆ ಕುಸಿದಾಗ ಅದನ್ನೂ ಇಳಿಸಿದರು. ತೋಟಗಳಲ್ಲಿದ್ದ ಚೀನೀ ಟ್ಯಾಪರುಗಳು, ಅಂದರೆ ಹಾಲು ತೆಗೆಯುವವರು, ತಮ್ಮದೇ ಗುತ್ತಿಗೆದಾರರ ಕೆಳಗೆ, ತಂದ ಹಾಲಿನ ಲೆಕ್ಕಕ್ಕೆ ದುಡಿದು ಇದಕ್ಕಿಂತ ಹೆಚ್ಚು ಗಳಿಸುತ್ತಿದ್ದರು. ಕೂಲಿ ಸಾಲದಿದ್ದರೆ ಗುಂಪುಗುಂಪಾಗಿ ಬಿಟ್ಟು ಬೇರೆಡೆ ಹೋಗಬಲ್ಲರು ಎಂಬ ಭಯ ತೋಟದವರಿಗಿತ್ತು. ತಮಿಳರು ಸಂಸಾರ ಸಮೇತ ಬಂದವರು, ಲೈನ್ ಮನೆ ಬಿಟ್ಟರೆ ತಲೆ ಮೇಲೆ ಸೂರಿಲ್ಲ. ಗಂಡ, ಹೆಂಡತಿ, ದೊಡ್ಡ ಮಕ್ಕಳು ಎಲ್ಲರ ದುಡಿಮೆ ಸೇರಿದರೆ ಒಂದು ಸಂಸಾರ ನಡೆಯುವಷ್ಟು ಎಂಬ ಲೆಕ್ಕದಲ್ಲೇ ಅವರ ಕೂಲಿ ನಿಗದಿಯಾಗುತ್ತಿತ್ತು. 1941ರಲ್ಲಿ ಕ್ಲಾಂಗ್ ಪ್ರದೇಶದ ತೋಟಗಳ ತಮಿಳು ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೇಡಿಕೆಗಳನ್ನು ಓದಿದರೆ ಆ ಬದುಕು ಕಣ್ಣಿಗೆ ಕಟ್ಟುತ್ತದೆ: ಚೀನೀಯರಿಗೆ ಸಮನಾದ ಕೂಲಿ ಕೊಡಿ, ಹೆಂಡದಂಗಡಿ ಮುಚ್ಚಿ, ದೊರೆ ಎದುರಾದಾಗ ಸೈಕಲ್ಲಿನಿಂದ ಇಳಿದು ನಿಲ್ಲಬೇಕೆಂಬ ಕಟ್ಟಳೆ ತೆಗೆಯಿರಿ. ಪಡೆಗಳನ್ನು ಕರೆಸಿ, ಗುಂಡು ಹಾರಿಸಿ ಮುಷ್ಕರವನ್ನು ಅಡಗಿಸಲಾಯಿತು.

ಅದೇ ವರ್ಷದ ಕೊನೆಗೆ ಜಪಾನೀಯರು ಬಂದರು. ಈ ಕಾಲದ ಬಗ್ಗೆ ಹೇಳಬೇಕಾದದ್ದು ಬಹಳವಿದೆ, ಇಲ್ಲಿ ಎರಡೇ ಮಾತು. ಚೀನಾದೊಂದಿಗೆ ಯುದ್ಧದಲ್ಲಿದ್ದ ಜಪಾನೀ ಸೇನೆ ಮಲಯದ ಚೀನೀಯರನ್ನು ಹುಡುಕಿ ಕೊಂದಿತು. ತಮಿಳು ತೋಟದ ಆಳುಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸಯಾಮ್–ಬರ್ಮಾ ರೈಲುಹಾದಿಯ ಕೆಲಸಕ್ಕೆ ಎಳೆದೊಯ್ದರು. ಕಾಲರಾ, ಹಸಿವು, ಹೊಡೆತದಿಂದ ಅಲ್ಲಿ ಸತ್ತವರು ಅಪಾರ. ಆ ರೈಲುಹಾದಿ ಎಂದರೆ ಲೋಕಕ್ಕೆ ಬಿಳಿಯ ಯುದ್ಧಕೈದಿಗಳ ನೆನಪಾಗುತ್ತದೆ. ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಏಷ್ಯಾದ ಕೂಲಿಗಳು ಅಲ್ಲಿ ಪ್ರಾಣಬಿಟ್ಟರು, ಅವರಲ್ಲಿ ನಮ್ಮ ನೆರೆಯ ನಾಡಿನವರು ಬಹುಮಂದಿ ಎಂಬುದನ್ನು ನಾವಾದರೂ ನೆನಪಿಟ್ಟುಕೊಳ್ಳಬೇಕು.

ಯುದ್ಧದ ನಂತರದ ಒಂದು ಘಟ್ಟ ಹೊಸಬರಿಗೆ ಗೊಂದಲ ಹುಟ್ಟಿಸುವಂಥದು. ಆದ್ದರಿಂದ ನಿಧಾನವಾಗಿ ನೋಡೋಣ. 1948ರಿಂದ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ಬ್ರಿಟಿಷರ ಹೋರಾಟ ನಡೆಯಿತು. ಗೆರಿಲ್ಲಾಗಳಿಗೆ ಅಕ್ಕಿ ಮತ್ತು ಸುದ್ದಿ ಹೋಗುತ್ತಿದ್ದದ್ದು ಕಾಡಂಚಿನಲ್ಲಿ ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡಿಕೊಂಡಿದ್ದ ಚೀನೀ ರೈತರಿಂದ ಎಂಬ ಅನುಮಾನ. 1950ರಲ್ಲಿ ಶುರುವಾದ ಬ್ರಿಗ್ಸ್ ಯೋಜನೆಯಡಿ ಸುಮಾರು ಐದು ಲಕ್ಷ ಜನರನ್ನು, ಹೆಚ್ಚಾಗಿ ಚೀನೀಯರನ್ನೇ, ಒಕ್ಕಲೆಬ್ಬಿಸಿ ಮುಳ್ಳುತಂತಿಯ ‘ಹೊಸ ಹಳ್ಳಿ’ಗಳಿಗೆ ತುಂಬಿದರು. ಕರ್ಫ್ಯೂ, ಗೇಟಿನಲ್ಲಿ ಮೈ ತಡಕುವುದು, ಅಕ್ಕಿಗೆ ಪಡಿತರ. ಇದು ಕ್ರೂರವಾದ ಕೆಲಸ, ಇದನ್ನು ಉಪಕಾರವೆಂದು ಬಣ್ಣಿಸುವವರನ್ನು ನಾನು ಒಪ್ಪುವುದಿಲ್ಲ. ಆದರೆ ಪರಿಣಾಮವನ್ನು ನೋಡಲೇಬೇಕು. ಆ ಹಳ್ಳಿಗಳು ರಸ್ತೆಯ ಬದಿಯಲ್ಲಿ, ಪೇಟೆಗೆ ಹತ್ತಿರದಲ್ಲಿದ್ದವು. ಶಾಲೆ, ನಲ್ಲಿ, ಕೊನೆಗೆ ವಿದ್ಯುತ್ತು ಬಂದವು. ಕುಟುಂಬಕ್ಕೊಂದು ಮನೆ ಕಟ್ಟುವ ಜಾಗ ಸಿಕ್ಕಿತು, ಗುತ್ತಿಗೆ ಅವಧಿಯದೇ ಆದರೂ ಕಾಗದ ಕೈಗೆ ಬಂತು. ಹತ್ತಿಪ್ಪತ್ತು ವರ್ಷಗಳಲ್ಲಿ ಅದೇ ಜಾಗಗಳಲ್ಲಿ ಸಣ್ಣ ವರ್ಕ್‌ಶಾಪು, ಬಡಗಿಯ ಅಂಗಡಿ, ತಿಂಡಿ ತಯಾರಿಕೆ ಎದ್ದವು. ತೋಟದ ತಮಿಳರ ಲೈನುಗಳನ್ನೂ ಆ ಕಾಲದಲ್ಲಿ ಒಟ್ಟುಗೂಡಿಸಿ ಬೇಲಿ ಹಾಕಿದರು. ಆದರೆ ತೋಟದ ನೆಲದಲ್ಲೇ, ತೋಟದ ಒಡೆತನದಲ್ಲೇ. ಬೇಲಿ ತೆಗೆದಾಗ ಅವರ ಕೈಯಲ್ಲಿ ಏನೂ ಉಳಿಯಲಿಲ್ಲ.

ಸ್ವಾತಂತ್ರ್ಯ ಬರುವ ಹೊತ್ತಿಗೆ ಬ್ರಿಟಿಷ್ ಮಾಲೀಕರಲ್ಲಿ ಹಲವರು ತೋಟ ಮಾರಿ ಹೊರಡಲು ಶುರುಮಾಡಿದರು. ಕೊಂಡವರು ತುಂಡುತುಂಡಾಗಿ ಮಾರಿದರು. ತುಂಡು ತೋಟಕ್ಕೆ ಲೈನು ಬೇಡ, ಶಾಲೆ ಬೇಡ, ಖಾಯಂ ಆಳು ಬೇಡ. ಆಗ ಮಂತ್ರಿಯಾಗಿದ್ದ ವಿ. ಟಿ. ಸಂಬಂಧನ್ ಅವರು 1960ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ತೋಟದಿಂದ ತೋಟಕ್ಕೆ ತಿರುಗಿ, ಪ್ರತಿ ಕೂಲಿಯಿಂದ ತಿಂಗಳಿಗೆ ಹತ್ತು ಡಾಲರಿನಂತೆ ಕೂಡಿಸಿ, ಮಾರಾಟಕ್ಕೆ ಬಂದ ತೋಟಗಳನ್ನೇ ಕೊಳ್ಳುವುದು ಅವರ ಯೋಚನೆ. ಸಂಘ ಹಲವು ತೋಟಗಳನ್ನು ಕೊಂಡಿತು ಕೂಡ. ಉಳಿಸುವ ಬುದ್ಧಿಯಿಲ್ಲದವರು ಎಂದು ತಮಿಳು ಕೂಲಿಗಳನ್ನು ಜರೆಯುವವರು ಈ ಸಂಘದ ಲೆಕ್ಕವನ್ನು ನೋಡಬೇಕು. ಅರ್ಧ ಹೊಟ್ಟೆಯ ಜನ ಹತ್ತು ಹತ್ತು ಡಾಲರು ಕೊಟ್ಟು ಭೂಮಿ ಕೊಂಡರು. ಮಾರಾಟವಾದ ತೋಟಗಳೆಲ್ಲವನ್ನೂ ಕೊಳ್ಳುವುದು ಮಾತ್ರ ಅವರ ಶಕ್ತಿಗೆ ಮೀರಿದ್ದು.

ಪೌರತ್ವದ ಹೊಡೆತ ಅದರ ಬೆನ್ನಿಗೇ ಬಂತು. ಲೈನ್ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಜನನ ದಾಖಲೆ ಇರಲಿಲ್ಲ. ಅರ್ಜಿ ಹಾಕುವುದು ಹೇಗೆಂದು ಹೇಳಿಕೊಡುವವರಿರಲಿಲ್ಲ. 1969ರ ನಂತರ ಪೌರತ್ವವಿಲ್ಲದವರು ಕೆಲಸ ಮಾಡಲು ಪರವಾನಗಿ ಪಡೆಯಬೇಕೆಂದಾಯಿತು. ಹತ್ತಾರು ಸಾವಿರ ಮಂದಿ ತಾವು ಕಾಣದ ಊರಿಗೆ, ತಮಿಳುನಾಡಿಗೆ, ಮರಳಿದರು. ಚೀನೀಯರಲ್ಲೂ ಪೌರತ್ವ ಸಿಗದವರಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಪೇಟೆಯವರು, ಅರ್ಜಿ ಬರೆದುಕೊಡುವ ಸಂಘಗಳು ಬೀದಿಗೊಂದರಂತೆ ಇದ್ದವು. ಊರಿನ ಹೆಸರಿನ ಸಂಘ, ಮನೆತನದ ಹೆಸರಿನ ಸಂಘ, ವರ್ತಕರ ಸಂಘ: ಶವಸಂಸ್ಕಾರದಿಂದ ಹಿಡಿದು ಸಾಲ, ಶಾಲೆ, ಕೆಲಸದವರೆಗೆ ಎಲ್ಲಕ್ಕೂ ಅವೇ ಆಸರೆ.

1969ರ ಮೇ 13ರಂದು ಕೌಲಾಲಂಪುರದಲ್ಲಿ ಮಲಯರು ಮತ್ತು ಚೀನೀಯರ ನಡುವೆ ಭೀಕರ ಗಲಭೆ ನಡೆಯಿತು. ಅದರ ಫಲವಾಗಿ 1971ರಲ್ಲಿ ಹೊಸ ಆರ್ಥಿಕ ನೀತಿ ಬಂತು. ಇದನ್ನು ಅನ್ಯಾಯವೆಂದು ತಳ್ಳಿಹಾಕುವ ಮುನ್ನ ಅದರ ಹಿಂದಿನ ಸ್ಥಿತಿಯನ್ನು ತಿಳಿಯಬೇಕು. 1970ರಲ್ಲಿ ಪರ್ಯಾಯದ್ವೀಪದಲ್ಲಿ ಬಡತನದಲ್ಲಿದ್ದವರು ಮಲಯರಲ್ಲಿ ಸುಮಾರು ಶೇ. 65, ಭಾರತೀಯರಲ್ಲಿ ಶೇ. 39, ಚೀನೀಯರಲ್ಲಿ ಶೇ. 26. ಕಂಪನಿಗಳ ಶೇರು ಬಂಡವಾಳದಲ್ಲಿ ಮಲಯರ ಪಾಲು ಶೇ. 2.4. ನೆಲದ ಮಕ್ಕಳಿಗೆ ಹೀಗಿರುವಾಗ ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಜನಾಂಗ ನೋಡದೆ ಬಡತನ ಅಳಿಸುವುದು ನೀತಿಯ ಒಂದು ಗುರಿ, 1990ರ ಹೊತ್ತಿಗೆ ಶೇರು ಬಂಡವಾಳದ ಶೇ. 30ನ್ನು ಭೂಮಿಪುತ್ರರ ಕೈಗೆ ತರುವುದು ಇನ್ನೊಂದು. ಕಾಗದದ ಮೇಲೆ ಎರಡೂ ಇದ್ದವು. ನಡೆದದ್ದರಲ್ಲಿ ಎರಡನೆಯದರ ಕಡೆಗೇ ಒಲವು ಹೆಚ್ಚಾಯಿತು.

ಇಲ್ಲಿ ಒಂದು ಅಂಕಿ ಗಮನಿಸಿ. ಅದೇ 1970ರಲ್ಲಿ ಶೇರು ಬಂಡವಾಳದಲ್ಲಿ ಚೀನೀಯರ ಪಾಲು ಕಾಲು ಭಾಗಕ್ಕಿಂತ ಹೆಚ್ಚು, ಭಾರತೀಯರದು ಸುಮಾರು ಶೇ. 1, ಶೇ. 60ಕ್ಕಿಂತ ಹೆಚ್ಚು ವಿದೇಶೀಯರದು. ಭಾರತೀಯರ ಕೈಯಲ್ಲಿ ಮಲಯರಿಗಿಂತಲೂ ಕಡಿಮೆ ಬಂಡವಾಳವಿತ್ತು. ಆದರೂ ಮೀಸಲಾತಿ ಹಂಚುವಾಗ ಅವರು ಚೀನೀಯರ ಜೊತೆ ‘ಭೂಮಿಪುತ್ರರಲ್ಲದವರು’ ಎಂಬ ಒಂದೇ ಸಾಲಿಗೆ ಬಂದರು. ಭೂರಹಿತರಿಗೆ ಜಮೀನು ಕೊಡುವ ಫೆಲ್ಡಾ ಯೋಜನೆ 1956ರಿಂದಲೇ ಇತ್ತು. ಕಾಡು ಕಡಿದು ರಬ್ಬರ್, ತಾಳೆ ನೆಟ್ಟು ಕುಟುಂಬಗಳನ್ನು ನೆಲೆಗೊಳಿಸುವ ಕೆಲಸ ಅದರದ್ದು. ರಬ್ಬರ್ ಕೆಲಸ ಬಲ್ಲ ತಮಿಳರಿಗೆ ಅದಕ್ಕಿಂತ ಸೂಕ್ತವಾದ ಯೋಜನೆ ಇರಲಿಲ್ಲ. ಜಮೀನು ಪಡೆದವರು ಮಾತ್ರ ಬಹುಪಾಲು ಮಲಯರೇ. ನನ್ನ ಮಟ್ಟಿಗೆ ಆ ದೇಶ ತನ್ನ ತೋಟದ ಕಾರ್ಮಿಕರಿಗೆ ಮಾಡಿದ ದೊಡ್ಡ ಅನ್ಯಾಯ ಇದು. ಬಡತನ ನೀಗಿಸುವ ದಾರಿ ಕಣ್ಣೆದುರಿಗಿದ್ದೂ ಅವರನ್ನು ಅದರ ಮೇಲೆ ನಡೆಸಲಿಲ್ಲ.

ವಿಶ್ವವಿದ್ಯಾಲಯದ ಸೀಟು, ಸರ್ಕಾರಿ ನೌಕರಿ, ಗುತ್ತಿಗೆ ಎಲ್ಲದರಲ್ಲೂ ಬಾಗಿಲು ಕಿರಿದಾಯಿತು. ಚೀನೀಯರಿಗೂ ಪೆಟ್ಟು ಬಿತ್ತು. ಅವರು ತಮ್ಮದೇ ಭಾಷೆಯ ವಿಶ್ವವಿದ್ಯಾಲಯ ಕಟ್ಟಲು ಹೊರಟಾಗ ಸರ್ಕಾರ ಅನುಮತಿ ಕೊಡಲಿಲ್ಲ, 1982ರಲ್ಲಿ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆದರೆ ಅವರಿಗೆ ಬೇರೆ ದಾರಿಗಳಿದ್ದವು. ಸಮುದಾಯದ ದೇಣಿಗೆಯಲ್ಲಿ ನಡೆಯುವ ಸುಮಾರು 60 ಸ್ವತಂತ್ರ ಚೀನೀ ಪ್ರೌಢಶಾಲೆಗಳಿದ್ದವು. ಅಲ್ಲಿ ಓದಿ ತೈವಾನಿಗೆ, ಸಿಂಗಪುರಕ್ಕೆ ಹೋಗಬಹುದಿತ್ತು. ಏನೂ ಆಗದಿದ್ದರೆ ಚಿಕ್ಕಪ್ಪನ ಬಿಡಿಭಾಗದ ಅಂಗಡಿಯಲ್ಲಿ ಕೂರಬಹುದಿತ್ತು. ಭಾರತೀಯರಲ್ಲಿ ವಕೀಲ, ವೈದ್ಯ, ಗುಮಾಸ್ತ ಕುಟುಂಬಗಳು ಮಕ್ಕಳನ್ನು ಹೊರದೇಶಕ್ಕೆ ಕಳಿಸಿದವು. ಈ ಕಥೆಯ ಒಂದು ತುಣುಕು ನಮ್ಮ ಮಣಿಪಾಲದಲ್ಲೇ ಇದೆ. ಅಲ್ಲಿನ ವೈದ್ಯಕೀಯ ಕಾಲೇಜಿಗೆ ದಶಕಗಳಿಂದ ಮಲೇಷ್ಯಾದ ವಿದ್ಯಾರ್ಥಿಗಳು ಬರುತ್ತಿದ್ದಾರೆ. 1997ರಲ್ಲಿ ಮಲಾಕ್ಕಾ ಮಣಿಪಾಲ ವೈದ್ಯಕೀಯ ಕಾಲೇಜೇ ಶುರುವಾಗಿ, ಅರ್ಧ ಓದು ಇಲ್ಲಿ, ಅರ್ಧ ಅಲ್ಲಿ ಎಂಬ ವ್ಯವಸ್ಥೆ ಬಂತು. ಉಡುಪಿ, ಮಂಗಳೂರಿನ ಬೀದಿಗಳಲ್ಲಿ ಆ ವಿದ್ಯಾರ್ಥಿಗಳನ್ನು ಕಂಡವರು ಮಲೇಷ್ಯಾದ ಭಾರತೀಯರೆಲ್ಲ ಅನುಕೂಲಸ್ಥರೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಟ್ಯಾಪರಿನ ಮಗ ಇಲ್ಲಿಯವರೆಗೆ ಬರಲಿಲ್ಲ.

ಅವನಿಗೆ ಏನಾಯಿತು? ರಬ್ಬರ್ ಕಡಿದು ತಾಳೆ ನೆಟ್ಟರು. ತಾಳೆಗೆ ಆಳು ಕಡಿಮೆ ಸಾಕು, ಆ ಕಡಿಮೆ ಆಳನ್ನೂ 1980ರ ದಶಕದಿಂದ ಇಂಡೊನೇಷ್ಯಾ, ಬಾಂಗ್ಲಾದೇಶದಿಂದ ತಂದರು. ನಗರಕ್ಕೆ ಹತ್ತಿರದ ತೋಟಗಳು ಬಡಾವಣೆ, ಹೆದ್ದಾರಿ, ಗಾಲ್ಫ್ ಮೈದಾನಗಳಾದವು. ಮಲೇಷ್ಯಾದ ಆಡಳಿತ ರಾಜಧಾನಿ ಪುತ್ರಜಯದ ಗುಮ್ಮಟ, ಕೆರೆ, ಅಗಲ ರಸ್ತೆಗಳನ್ನು ಚಿತ್ರದಲ್ಲಿ ನೋಡಿರುತ್ತೀರಿ. ಅದು ಎದ್ದದ್ದು ಪೆರಾಂಗ್ ಬೆಸಾರ್ ಎಂಬ ರಬ್ಬರ್ ತೋಟದ ಮೇಲೆ. ಮೊದಲ ಮಹಾಯುದ್ಧದಿಂದ ಮರಳಿದ ಬ್ರಿಟಿಷ್ ಸೈನಿಕರು 1921ರಲ್ಲಿ ಮಾಡಿದ ತೋಟ. ಅಲ್ಲಿಯೂ ಸುತ್ತಲಿನ ತೋಟಗಳಲ್ಲಿಯೂ ತಲೆಮಾರುಗಳಿಂದ ಇದ್ದ ತಮಿಳು ಕುಟುಂಬಗಳನ್ನು 1990ರ ದಶಕದ ಕೊನೆಯಲ್ಲಿ ಡೆಂಗ್ಕಿಲ್ ಎಂಬಲ್ಲಿನ ಅಗ್ಗದ ಫ್ಲ್ಯಾಟುಗಳಿಗೆ ಕಳಿಸಲಾಯಿತು. ಕೆಲಸ, ಮನೆ, ಶಾಲೆ, ಗುಡಿ ನಾಲ್ಕೂ ಒಂದೇ ಒಡೆಯನವಾಗಿದ್ದರಿಂದ ನಾಲ್ಕೂ ಒಂದೇ ಸಲ ಹೋದವು. ಹಸು ಸಾಕಿ, ಹಿತ್ತಲಲ್ಲಿ ನುಗ್ಗೆ, ಬಾಳೆ ಬೆಳೆದುಕೊಂಡಿದ್ದವರು ಮೂರನೆಯ ಮಹಡಿಯಲ್ಲಿ ಎರಡು ಕೋಣೆಗಳಿಗೆ ಬಂದರು. ಚಾಕು ಹಿಡಿದು ಕಲಿತ ಕೌಶಲಕ್ಕೆ ನಗರದಲ್ಲಿ ಬೆಲೆಯಿಲ್ಲ. ಗಂಡಸರು ಕಾವಲುಗಾರ, ಲಾರಿ ಚಾಲಕರಾದರು. ಹೆಂಗಸರು ಕಾರ್ಖಾನೆ, ಮನೆಗೆಲಸ ಹಿಡಿದರು. ಹುಡುಗರಲ್ಲಿ ಕೆಲವರು ಗ್ಯಾಂಗುಗಳ ಪಾಲಾದರು. ಇದನ್ನು ‘ಭಾರತೀಯರ ಸಮಸ್ಯೆ’ ಎಂದು ಪತ್ರಿಕೆಗಳು ಕರೆಯುತ್ತವೆ. ನನಗಿದು ನೆಲದ ಸಮಸ್ಯೆಯಾಗಿ ಕಾಣುತ್ತದೆ.

ಈಗ ಅಂಕಿಗಳನ್ನು ಓದುವ ರೀತಿಗೆ ಬರೋಣ. 2016ರ ಸರ್ಕಾರಿ ಸಮೀಕ್ಷೆಯಂತೆ, ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ಕುಟುಂಬದ ತಿಂಗಳ ವರಮಾನ ಚೀನೀಯರಲ್ಲಿ 6,582 ರಿಂಗಿಟ್, ಭಾರತೀಯರಲ್ಲಿ 5,428, ಭೂಮಿಪುತ್ರರಲ್ಲಿ 4,846. ಇದನ್ನು ನೋಡಿದವರು ಭಾರತೀಯರು ಮಧ್ಯದಲ್ಲಿದ್ದಾರೆ, ಹೇಳಿಕೊಳ್ಳುವ ತೊಂದರೆಯಿಲ್ಲ ಎನ್ನುತ್ತಾರೆ. ಆದರೆ ಆ ಒಂದು ಅಂಕಿಯೊಳಗೆ ಪೆಟಾಲಿಂಗ್ ಜಯಾದ ವಕೀಲರ ಮನೆಯೂ ಇದೆ, ಡೆಂಗ್ಕಿಲ್‌ನ ಫ್ಲ್ಯಾಟೂ ಇದೆ. ದೇಶದ ಅತಿ ಶ್ರೀಮಂತರಲ್ಲಿ ಒಬ್ಬರಾಗಿದ್ದ ಆನಂದ ಕೃಷ್ಣನ್ ಕೂಡ ಅದೇ ‘ಭಾರತೀಯ’ ಸಾಲಿನವರು. ಅವರ ತಂದೆತಾಯಿ ಜಾಫ್ನಾ ತಮಿಳರು, ಬೆಳೆದದ್ದು ರೈಲ್ವೆ ಮತ್ತು ಸರ್ಕಾರಿ ನೌಕರರ ಬಡಾವಣೆಯಾಗಿದ್ದ ಬ್ರಿಕ್‌ಫೀಲ್ಡ್ಸ್‌ನಲ್ಲಿ. ತೋಟಕ್ಕೂ ಅವರಿಗೂ ಸಂಬಂಧವಿಲ್ಲ. ಚೀನೀಯರ ಅಂಕಿಯೂ ಹೀಗೆಯೇ. ಸಕ್ಕರೆ ವ್ಯಾಪಾರದಿಂದ ಬೆಳೆದ ರಾಬರ್ಟ್ ಕ್ವೋಕ್ ಆ ಸಾಲಿನಲ್ಲಿದ್ದಾರೆ, ಮಕ್ಕಳೆಲ್ಲ ಸಿಂಗಪುರ ಸೇರಿದ ಮೇಲೆ ಹೊಸ ಹಳ್ಳಿಯ ಹಲಗೆ ಮನೆಯಲ್ಲಿ ಒಂಟಿಯಾಗಿ ಉಳಿದ ಮುದುಕಿಯೂ ಇದ್ದಾಳೆ.

ಬಡತನದ ಅಂಕಿಯಲ್ಲಿ ಇನ್ನೂ ಎಚ್ಚರ ಬೇಕು. 2016ರಲ್ಲಿ ದೇಶದ ಬಡತನ ಶೇ. 1ಕ್ಕಿಂತ ಕಡಿಮೆ ಎಂದು ಸರ್ಕಾರ ಹೇಳುತ್ತಿತ್ತು. ಆಗಿನ ಬಡತನ ರೇಖೆ ಕುಟುಂಬಕ್ಕೆ ತಿಂಗಳಿಗೆ 980 ರಿಂಗಿಟ್. 2019ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್ ಭೇಟಿ ಕೊಟ್ಟು ಈ ರೇಖೆಯನ್ನು ಕಟುವಾಗಿ ಟೀಕಿಸಿದರು. 2020ರಲ್ಲಿ ಸರ್ಕಾರ ಅದನ್ನು 2,208 ರಿಂಗಿಟ್‌ಗೆ ಏರಿಸಿತು. ಒಂದೇ ದಿನ ಲಕ್ಷಾಂತರ ಕುಟುಂಬಗಳು ಕಾಗದದ ಮೇಲೆ ಬಡವರಾದವು, ಅವರ ಅಡುಗೆಮನೆಯಲ್ಲಿ ಏನೂ ಬದಲಾಗಿರಲಿಲ್ಲ. ಆದ್ದರಿಂದ ಯಾವುದೇ ಸಮುದಾಯದ ಬಡತನದ ಶೇಕಡಾವಾರು ಕಂಡಾಗ ರೇಖೆ ಎಲ್ಲಿ ಎಳೆದಿದ್ದಾರೆ ಎಂದು ಮೊದಲು ನೋಡಿ. ಆಮೇಲೆ ಮನೆ ಸ್ವಂತದ್ದೇ, ಓದು ಎಲ್ಲಿಗೆ ನಿಂತಿತು, ಕೆಲಸ ಹೋದರೆ ಎಷ್ಟು ದಿನ ನಡೆಯುತ್ತದೆ ಎಂಬುದನ್ನು ಹುಡುಕಿ. ವರಮಾನ ಒಂದೇ ಇದ್ದರೂ, ಬೀದಿಬದಿಯಲ್ಲಿ ಎರಡಂತಸ್ತಿನ ಅಂಗಡಿಮನೆ ಇರುವ ಕುಟುಂಬ ಮತ್ತು ಬಾಡಿಗೆ ಫ್ಲ್ಯಾಟಿನ ಕುಟುಂಬ ಸಮಾನರಲ್ಲ. ಚೀನೀಯರು ಮತ್ತು ತಮಿಳರ ನಡುವಿನ ನಿಜವಾದ ಅಂತರವಿರುವುದು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿ ಈ ಆಸ್ತಿಯಲ್ಲಿ.

2007ರ ನವೆಂಬರ್ 25ರಂದು ಹಿಂದ್‌ರಾಫ್ ಎಂಬ ಸಂಘಟನೆಯ ಕರೆಗೆ ಸಾವಿರಾರು ಭಾರತೀಯ ಮೂಲದವರು ಕೌಲಾಲಂಪುರದ ಬೀದಿಗಿಳಿದರು. ತೋಟಗಳ ಜೊತೆ ಗುಡಿಗಳನ್ನೂ ಕೆಡವುತ್ತಿದ್ದದ್ದು ಸಿಟ್ಟಿಗೆ ಕಿಡಿ ಹಚ್ಚಿತ್ತು. ಕೂಲಿಗಳಾಗಿ ತಂದು ಕೈಬಿಟ್ಟು ಹೋದದ್ದಕ್ಕೆ ಬ್ರಿಟನ್ ಪರಿಹಾರ ಕೊಡಬೇಕೆಂಬುದು ಅವರ ಬೇಡಿಕೆ. ಪೊಲೀಸರು ಅಶ್ರುವಾಯು, ಜಲಫಿರಂಗಿ ಬಳಸಿದರು. ಮುಂದಿನ ಮಾರ್ಚಿನ ಚುನಾವಣೆಯಲ್ಲಿ ಆಳುವ ಒಕ್ಕೂಟ ಸಂಸತ್ತಿನ ಮೂರನೆಯ ಎರಡು ಬಹುಮತ ಕಳೆದುಕೊಂಡಿತು. ಅದಾದ ಮೇಲೆ ಸರ್ಕಾರ ತಮಿಳು ಶಾಲೆಗಳಿಗೆ ಹಣ ಕೊಟ್ಟಿತು, ಮಕ್ಕಳಿಲ್ಲದೆ ಬಿಕೋ ಎನ್ನುತ್ತಿದ್ದ ಕೆಲವು ತೋಟದ ಶಾಲೆಗಳನ್ನು ತಮಿಳು ಕುಟುಂಬಗಳು ಸೇರಿದ್ದ ನಗರದ ಬಡಾವಣೆಗಳಿಗೆ ಸ್ಥಳಾಂತರಿಸಿತು.

2011ರಲ್ಲಿ ಮೈದಫ್ತಾರ್ ಎಂಬ ಅಭಿಯಾನ ನಡೆಯಿತು. ಜನನ ಪತ್ರ, ಗುರುತಿನ ಚೀಟಿ ಇಲ್ಲದ ಭಾರತೀಯ ಮೂಲದವರನ್ನು ಹುಡುಕಿ ನೋಂದಾಯಿಸುವುದು ಅದರ ಉದ್ದೇಶ. ಮಲೇಷ್ಯಾದಲ್ಲಿ ಪೌರರ ಗುರುತಿನ ಚೀಟಿ ನೀಲಿ, ಪೌರತ್ವವಿಲ್ಲದ ಖಾಯಂ ನಿವಾಸಿಯ ಚೀಟಿ ಕೆಂಪು. ಅಲ್ಲೇ ಹುಟ್ಟಿ, ಅಲ್ಲೇ ರಬ್ಬರ್ ಕೊಯ್ದು, ಮೊಮ್ಮಕ್ಕಳನ್ನು ಕಂಡ ಮೇಲೂ ಕೆಂಪು ಚೀಟಿ ಹಿಡಿದುಕೊಂಡಿರುವ ವೃದ್ಧರಿದ್ದಾರೆ. ತಾಯಿಗೆ ಕಾಗದವಿಲ್ಲದ್ದರಿಂದ ಮದುವೆ ನೋಂದಣಿಯಾಗುವುದಿಲ್ಲ. ಮದುವೆ ನೋಂದಣಿಯಾಗದ್ದರಿಂದ ಮಗುವಿನ ಪೌರತ್ವಕ್ಕೆ ತೊಡಕು. ಚೀಟಿಯಿಲ್ಲದ ಹುಡುಗನಿಗೆ ಬ್ಯಾಂಕ್ ಖಾತೆಯಿಲ್ಲ, ಚಾಲನಾ ಪರವಾನಗಿಯಿಲ್ಲ, ಸರ್ಕಾರಿ ಕೆಲಸವಿಲ್ಲ. ಆ ಸರಪಳಿಯ ಮೊದಲ ಕೊಂಡಿ ಎಲ್ಲಿದೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ ಸಿಗುವುದು ಒಂದು ಲೈನ್ ಮನೆ, ಸೂಲಗಿತ್ತಿ, ಮತ್ತು ಹೆಸರು ಬರೆಸಲು ಪೇಟೆಗೆ ಹೋಗಲು ದಿನದ ಕೂಲಿ ಬಿಡಲಾಗದ ಒಬ್ಬ ಟ್ಯಾಪರು.